ವರ್ಷಕ್ಕೆ ನಲವತ್ತು ಮೀಟರ್

ದಾಕ್ಷಾಯಣಿಯ ಕಾರು ಬಿಳಿಗಲ್ಲು ಗೇಟಿನ ಹತ್ತಿರ ತಾನಾಗಿಯೇ ನಿಧಾನವಾಗುತ್ತಿತ್ತು. ಅವಳು ಬ್ರೇಕ್ ಮುಟ್ಟಬೇಕಾಗಿರಲಿಲ್ಲ. ರಸ್ತೆ ನುಣುಪಾಗಿತ್ತು, ಎದುರಿಗೆ ದನವಿಲ್ಲ, ಲಾರಿಯಿಲ್ಲ, ಗುಂಡಿಯಿಲ್ಲ. ಆದರೂ ಅಲ್ಲಿಗೆ ಬಂದ ಕೂಡಲೇ ಕಾರು, ಗೊತ್ತಿಲ್ಲದ ಮನೆಯ ಹೊಸ್ತಿಲು ದಾಟುವವರ ಹಾಗೆ ಸ್ವಲ್ಪ ಅನುಮಾನಿಸಿ, ಹತ್ತು ಹನ್ನೆರಡು ಮಾರು ಮೆಲ್ಲಗೆ ಸಾಗಿ, ಮತ್ತೆ ಮೊದಲಿನ ವೇಗಕ್ಕೆ ಬರುತ್ತಿತ್ತು.

ವಿಚಿತ್ರವೆಂದರೆ ಆ ಜಾಗ ಒಂದೇ ಕಡೆ ಇರಲಿಲ್ಲ. ಕಾರು ಹೊಸದರಲ್ಲಿ ಹೀಗೆ ತಡವರಿಸುತ್ತಿದ್ದುದು ಗೇಟಿನಿಂದ ಜಗಳೂರು ಕಡೆಗೆ ಹತ್ತಿರಹತ್ತಿರ ಅರ್ಧ ಕಿಲೋಮೀಟರು ದೂರದಲ್ಲಿದ್ದ ಒಂಟಿ ಹುಣಸೆಮರದ ಎದುರಿಗೆ. ನಾಲ್ಕೈದು ವರ್ಷದ ಮೇಲೆ ಅದು ಮೋರಿಯ ಹತ್ತಿರಕ್ಕೆ ಬಂತು. ಈಗ ಗೇಟಿನ ಬಸ್ ಶೆಲ್ಟರಿನ ಮುಂದೆ. ದಾಕ್ಷಾಯಣಿ ಇದನ್ನು ಯಾವತ್ತೋ ಗಮನಿಸಿದ್ದಳು, ಗಂಡ ಓಂಕಾರಪ್ಪನಿಗೆ ಒಮ್ಮೆ ಹೇಳಿಯೂ ಇದ್ದಳು. ಕಾರಿಗೂ ವಯಸ್ಸಾಯಿತು, ನಮ್ಮ ಹಾಗೇ ಮರೆವು ಬಂದಿದೆ ಎಂದು ಅವನು ನಕ್ಕಿದ್ದ. ಅಲ್ಲಿಗೆ ಆ ಮಾತು ಮುಗಿದಿತ್ತು.

ಅವಳ ಕೆಲಸ ರಕ್ತ ಸಾಗಿಸುವುದು. ಜಗಳೂರು ಸೀಮೆಯ ಆರು ಆರೋಗ್ಯ ಕೇಂದ್ರಗಳಲ್ಲಿ ರೋಗಿಗಳಿಂದ ತೆಗೆದ ರಕ್ತದ ಶೀಶೆಗಳನ್ನು ತಣ್ಣನೆಯ ಪೆಟ್ಟಿಗೆಯಲ್ಲಿ ಜೋಡಿಸಿಕೊಂಡು ದಾವಣಗೆರೆಯ ದೊಡ್ಡ ಲ್ಯಾಬಿಗೆ ಮುಟ್ಟಿಸಬೇಕು. ಬೆಳಿಗ್ಗೆ ದಾವಣಗೆರೆಯ ಮನೆಯಿಂದ ಹೋಗಿ ಮಧ್ಯಾಹ್ನದೊಳಗೆ ಬರಬೇಕು. ಹನ್ನೊಂದು ವರ್ಷದಿಂದ, ಹಬ್ಬದ ನಾಲ್ಕಾರು ದಿನ ಬಿಟ್ಟರೆ, ಅದೇ ಕಾರು, ಅದೇ ರಸ್ತೆ, ದಿನಕ್ಕೆರಡು ಸಲ. ಆ ರಸ್ತೆಯಲ್ಲಿ ಯಾವ ಬೇಲಿಯ ಮೇಲೆ ಯಾವ ತಿಂಗಳು ಯಾವ ಹೂವು ಬರುತ್ತದೆಂಬುದು ಅವಳಿಗೆ ಬಾಯಿಪಾಠವಾಗಿತ್ತು.

ಕಾರಿನ ಹೆಸರು ಹರಿಣಿ ನಾಲ್ಕು. ಅದು ತಯಾರಾದ ಕಾಲಕ್ಕೆ ರಸ್ತೆಗಳು ಕೆಟ್ಟಿದ್ದವು. ಮೇಲೆ ನುಣುಪಾಗಿ ಕಂಡ ಡಾಂಬರು ಒಳಗೆ ಟೊಳ್ಳಾಗಿ, ಒಂದು ಮಳೆಗೆ ಕುಸಿದು ಜನ ಸಾಯುತ್ತಿದ್ದರು. ಅದಕ್ಕಾಗಿ ತಯಾರಕರು ಪ್ರತಿ ಚಕ್ರದ ನಡುವಿನ ಗುಂಬದೊಳಗೆ ಹುಣಸೆಬೀಜದ ಗಾತ್ರದ ಒಂದು ಹರಳು ಕೂರಿಸಿದ್ದರು. ಚಕ್ರ ನೆಲವನ್ನು ತಟ್ಟುತ್ತದೆ. ತಟ್ಟಿದ ಸದ್ದು ನೆಲದೊಳಗೆ ಇಳಿದು, ಕೆಳಗಿನ ಪದರಗಳಿಗೆ ಬಡಿದು ಮೇಲೆ ಬರುತ್ತದೆ. ಹರಳು ಅದನ್ನು ಕೇಳಿಸಿಕೊಳ್ಳುತ್ತದೆ. ಕುಂಬಾರನ ಅಂಗಡಿಯಲ್ಲಿ ಹೆಂಗಸರು ಮಡಕೆಯನ್ನು ಬೆರಳಗೆಣ್ಣಿನಿಂದ ತಟ್ಟಿ ಬಿರುಕು ಕಂಡುಹಿಡಿಯುವುದಿಲ್ಲವೆ, ಹಾಗೆ. ಮಾರು ಮಾರಿನ ಸದ್ದನ್ನೂ ಕಾರು ನೆನಪಿಟ್ಟುಕೊಂಡು, ನಿನ್ನೆಯ ಸದ್ದಿಗೂ ಇವತ್ತಿನದಕ್ಕೂ ವ್ಯತ್ಯಾಸ ಕಂಡರೆ ಹುಷಾರಾಗುತ್ತಿತ್ತು. ಮುಂದೆ ರಸ್ತೆಗಳು ಸುಧಾರಿಸಿದವು. ಆಮೇಲೆ ಬಂದ ಮಾದರಿಗಳು ಆಕಾಶದಿಂದ ಬರುವ ನಕ್ಷೆ ನೋಡಿಕೊಂಡು ಓಡತೊಡಗಿದವು. ಹರಿಣಿ ಆರರಿಂದಾಚೆಗೆ ಕಾರುಗಳಿಗೆ ಕಿವಿಯೇ ಇರಲಿಲ್ಲ.

ಈಗ ಹರಿಣಿ ಒಂಬತ್ತು ಬಂದಿತ್ತು. ದಾಕ್ಷಾಯಣಿಯ ಕಾರಿಗೆ ಹನ್ನೆರಡನೆಯ ವರ್ಷ ಹತ್ತಿರವಾಗಿತ್ತು.

ಆ ಕಾಲದ ಕಾನೂನು ಹೀಗಿತ್ತು: ದೇಶದಲ್ಲಿ ಕಾರುಗಳ ಸಂಖ್ಯೆ ಇದ್ದಷ್ಟೇ ಇರಬೇಕು. ಮನೆಗೊಂದೇ ಕಾರು. ಹೊಸದು ಬೇಕೆಂದರೆ ಹಳೆಯದನ್ನು ಒಪ್ಪಿಸಬೇಕು. ಒಪ್ಪಿಸಿದ ಕಾರು ಮರುದಿನ ಹೊತ್ತು ಮುಳುಗುವುದರೊಳಗೆ ಕುಲುಮೆಗೆ ಹೋಗಬೇಕು. ಯಾರು ಎಲ್ಲಿ ಓಡಾಡಿದರೆಂಬ ಗುಟ್ಟು ಬೇರೆಯವರ ಕೈಗೆ ಸಿಗಬಾರದೆಂದು ಅದರ ನೆನಪನ್ನೂ ಅಳಿಸಿಯೇ ಕಳಿಸಬೇಕು. ಹನ್ನೆರಡು ವರ್ಷ ತುಂಬಿದ ಕಾರನ್ನು ಒಂದೋ ಬದಲಿಸಿಕೊಳ್ಳಬೇಕು, ಇಲ್ಲವೆ ಉಳಿಸಿಕೊಳ್ಳುತ್ತೇವೆಂದು ಅರ್ಜಿ ಕೊಡಬೇಕು. ಅರ್ಜಿ ಕೊಡುವವರು ಯಾರೂ ಇರಲಿಲ್ಲ. ಸಾಲದ್ದಕ್ಕೆ ಲ್ಯಾಬಿನವರು, ಬರುವ ತಿಂಗಳಿನಿಂದ ಹರಿಣಿ ಏಳಕ್ಕಿಂತ ಹಳೆಯ ಗಾಡಿಯಲ್ಲಿ ರಕ್ತದ ಮಾದರಿ ತರಕೂಡದೆಂದು ನೋಟೀಸು ಕಳಿಸಿದ್ದರು.

ಹಾಗಾಗಿ ಮನೆಯಲ್ಲಿ ಚರ್ಚೆಯೆನ್ನುವುದು ಹೆಚ್ಚೇನೂ ನಡೆಯಲಿಲ್ಲ. ಓಂಕಾರಪ್ಪನದು ಮಂಡಕ್ಕಿ ಭಟ್ಟಿ. ಕಾದ ಮರಳಿನಲ್ಲಿ ಅಕ್ಕಿ ಅರಳಿಸುತ್ತಲೇ ಅವನು, ಬದಲಾಯಿಸಿಬಿಡು, ನಿನ್ನ ಸೊಂಟಕ್ಕೂ ಒಳ್ಳೆಯದು ಎಂದ. ಡಿಗ್ರಿ ಓದುತ್ತಿದ್ದ ಮಗಳು ಇಂಚರ ಗೆಳತಿಯ ಮನೆಯ ಹರಿಣಿ ಒಂಬತ್ತರಲ್ಲಿ ಹರಿಹರದವರೆಗೆ ಹೋಗಿಬಂದಿದ್ದಳು. ತುಂಬಿದ ಲೋಟದ ನೀರು ಒಂದು ಹನಿ ತುಳುಕಲಿಲ್ಲವೆಂದು ವಾರವೆಲ್ಲ ಅದನ್ನೇ ಹೇಳಿದಳು. ದಾಕ್ಷಾಯಣಿಗೂ ಆಸೆಯಿತ್ತು. ಐವತ್ತೊಂದು ವರ್ಷದ ಅವಳ ಸೊಂಟ ಸಂಜೆಯ ಹೊತ್ತಿಗೆ ಹಲಗೆಯಂತಾಗುತ್ತಿತ್ತು. ಹಳೆಯ ಕಾರಿನ ಮೇಲೆ ಅವಳಿಗೆ ಅಂಥ ಮಮತೆಯೇನೂ ಇರಲಿಲ್ಲ. ದಿನಾ ಉಜ್ಜುವ ಬೋಗುಣಿಯ ಮೇಲೆ ಯಾರಿಗೆ ಮಮತೆ?

ವಿನಿಮಯ ಕೇಂದ್ರ ಊರಾಚೆ ಹಳೆಯ ಹತ್ತಿ ಗೋದಾಮಿನಲ್ಲಿತ್ತು. ಅಲ್ಲಿ ಕಾರುಗಳನ್ನು ಪರೀಕ್ಷಿಸುತ್ತಿದ್ದವನು ಜಬೀವುಲ್ಲಾ. ನಲವತ್ತರ ಮೇಲಿನ, ಮಿತಭಾಷಿ ಮೆಕ್ಯಾನಿಕ್. ದಾಕ್ಷಾಯಣಿಯ ಕಾರನ್ನು ಅವನು ಹೊಸದರಿಂದಲೂ ಬಲ್ಲ. ಒಪ್ಪಿಸುವ ಮುಂಚೆ ಕಾರಿನ ಎಲ್ಲ ದೋಷಗಳನ್ನೂ ಬರೆದುಕೊಳ್ಳಬೇಕಾಗಿತ್ತು. ಗಾಡಿಗೆ ತಂತಿ ಸಿಕ್ಕಿಸಿ, ಎದುರಿನ ಪರದೆ ನೋಡುತ್ತಾ, ಬಿಳಿಗಲ್ಲು ಗೇಟಿನ ಹತ್ತಿರ ಸುಳ್ಳು ಬ್ರೇಕು ಎಂದು ಬರೆಯಲು ಹೊರಟವನು ಕೈ ತಡೆದ.

ಮೊದಲು ಅದು ಹುಣಸೆಮರದ ಹತ್ತಿರ ಆಗುತ್ತಿತ್ತು ಎಂದು ದಾಕ್ಷಾಯಣಿ ಸುಮ್ಮನೆ ಮಾತಿಗೆಂದು ಹೇಳಿದಳು.

ಜಬೀವುಲ್ಲಾ ಕಾರಿನ ನೆನಪನ್ನು ಮೊದಲ ವರ್ಷದಿಂದ ತೆರೆದ. ತಡವರಿಸಿದ ಪ್ರತಿ ಜಾಗಕ್ಕೂ ಒಂದು ಚುಕ್ಕೆ. ಏಳು ಸಾವಿರಕ್ಕೂ ಹೆಚ್ಚು ಚುಕ್ಕೆಗಳು ಪರದೆಯ ಮೇಲೆ ಒಂದೊಂದಾಗಿ ಬಿದ್ದವು. ಅವು ಚದುರಿರಲಿಲ್ಲ. ಸ್ಕೇಲು ಇಟ್ಟು ಎಳೆದಂತೆ ಓರೆಯಾದ ಒಂದು ಗೆರೆಯಾಗಿ ನಿಂತಿದ್ದವು. ಅವನು ಕುರ್ಚಿ ಎಳೆದುಕೊಂಡು ಕೂತ.

"ಅಕ್ಕಾ, ಕೆಟ್ಟೈತೆ ಅಂದ್ರೆ ಒಂದೇ ಕಡೆ ಕೆಟ್ಟಿರ್ಬೇಕು, ಇಲ್ಲಾ ಎಲ್ಲಾ ಕಡೆ ಕೆಟ್ಟಿರ್ಬೇಕು," ಎಂದ. "ಇದು ನಡ್ಕಂಡು ಹೊಂಟೈತಲ್ಲ."

"ಯಾವುದು?"

"ಅದೇ ಗೊತ್ತಿಲ್ಲ. ಕಾರಿನೊಳಗಿಂದಂತೂ ಅಲ್ಲ."

ಲೆಕ್ಕ ಹಾಕಿದ. ಹನ್ನೊಂದು ವರ್ಷದಲ್ಲಿ ನಾನೂರ ನಲವತ್ತು ಮೀಟರು. ವರ್ಷಕ್ಕೆ ನಲವತ್ತು. ದಿನಕ್ಕೆ ಹೆಚ್ಚುಕಡಿಮೆ ಅರ್ಧ ಗೇಣು. ಒಪ್ಪಿಸುವ ದಿನಕ್ಕೆ ಇನ್ನೂ ಎಂಟು ದಿನ ಇತ್ತು. ಅಲ್ಲಿಯವರೆಗೆ ಕಡತ ತನ್ನ ಮೇಜಿನ ಮೇಲೇ ಇರಲಿ, ವಿಶ್ವವಿದ್ಯಾಲಯದಲ್ಲಿ ನೆಲದ ಶಾಸ್ತ್ರ ಓದಿದ ಒಬ್ಬ ಮೇಷ್ಟ್ರು ಗೊತ್ತು, ಒಮ್ಮೆ ತೋರಿಸಿಬನ್ನಿ ಎಂದು ಅವನೇ ವಿಳಾಸ ಕೊಟ್ಟು ಕಳಿಸಿದ.

ಹಾಲೇಶ ಮೇಷ್ಟ್ರು ಭೂಗರ್ಭ ವಿಭಾಗದಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತಿಯ ಅಂಚಿನಲ್ಲಿದ್ದವರು. ಮೊದಲು ಅವರು ಇದನ್ನು ಅಷ್ಟಾಗಿ ನಂಬಲಿಲ್ಲ. ಕಾರಿನ ನೆನಪನ್ನು ತಮ್ಮ ಯಂತ್ರಕ್ಕೆ ಇಳಿಸಿಕೊಂಡು, ರಕ್ತ ಮುಟ್ಟಿಸಿ ನಾಳೆ ಬನ್ನಿ ಎಂದರು. ಮರುದಿನ ದಾಕ್ಷಾಯಣಿ ಹೋದಾಗ ಅವರು ನಿನ್ನೆಯ ಅಂಗಿಯಲ್ಲೇ ಇದ್ದರು. ಟೀ ಲೋಟದಲ್ಲಿ ಕೆನೆ ಕಟ್ಟಿತ್ತು.

ಗೋಡೆಯಗಲದ ಪರದೆಯ ಮೇಲೆ ಅವರು ಆ ರಸ್ತೆಯನ್ನು ಅಡ್ಡಲಾಗಿ ಸೀಳಿದಂತೆ ಚಿತ್ರಿಸಿದ್ದರು. ಮೇಲೆ ಡಾಂಬರಿನ ತೆಳ್ಳನೆ ಕಪ್ಪು, ಅದರ ಕೆಳಗೆ ಕೆಮ್ಮಣ್ಣು, ಇನ್ನೂ ಕೆಳಗೆ ಬೂದು ಬಣ್ಣದ ಒಂದು ಪಟ್ಟಿ. ಹನ್ನೊಂದು ವರ್ಷವನ್ನು ಹನ್ನೊಂದು ನಿಮಿಷಕ್ಕೆ ಕುಗ್ಗಿಸಿ ಓಡಿಸಿದರು. ಬೂದು ಪಟ್ಟಿಯೊಳಗೆ ಬಲಗಡೆಯಿಂದ ನೀಲಿ ಬಣ್ಣವೊಂದು, ಬಟ್ಟೆಗೆ ಎಣ್ಣೆ ಹೀರಿದಂತೆ, ಎಡಕ್ಕೆ ಹಬ್ಬತೊಡಗಿತು. ಹುಣಸೆಮರ ದಾಟಿತು. ಮೋರಿ ದಾಟಿತು. ಬಸ್ ಶೆಲ್ಟರಿನ ಕೆಳಗೆ ಬಂದು ನಿಂತಿತು. ಅಂದರೆ ಇವತ್ತಿಗೆ ಬಂದು ನಿಂತಿತು.

"ಕಾರಿಗೆ ದಾವಣಗೆರೆ ಕಡೆ ನೆಲ ಬರಿ ಕೊಡದ ಥರ ಕೇಳಿಸ್ತಿತ್ತು, ಜಗಳೂರು ಕಡೆ ನೆಲ ತುಂಬಿದ ಕೊಡದ ಥರ," ಎಂದರು ಮೇಷ್ಟ್ರು. "ಎರಡೂ ಕೂಡೋ ಜಾಗದಲ್ಲಿ ಅದಕ್ಕೆ ಅನುಮಾನ. ಅಲ್ಲಿ ದಿನಾ ನೆಲ ಬದಲಾಗ್ತಿತ್ತು. ಅದಕ್ಕೇ ನಿಧಾನ ಮಾಡ್ತಿತ್ತು ದಾಕ್ಷಾಯಣಮ್ಮ. ಅದು ಸುಳ್ಳು ಬ್ರೇಕಲ್ಲ."

ಆ ಬೂದು ಪಟ್ಟಿ ಏನೆಂದು ಅವರು ಬಹಳ ಹೊತ್ತು ವಿವರಿಸಿದರು. ಲಕ್ಷಾಂತರ ವರ್ಷಗಳ ಹಿಂದೆ ಅಲ್ಲೊಂದು ಹೊಳೆ ಹರಿಯುತ್ತಿತ್ತು. ನೆಲ ಏಳುಬೀಳಾಗಿ, ಮಳೆಯ ದಿಕ್ಕು ಬದಲಾಗಿ, ಹೊಳೆ ಬತ್ತಿತು. ಗಾಳಿ ಮಣ್ಣು ತಂದು ಹಾಕಿತು. ಹೊಳೆಯ ಮರಳು ಮೂವತ್ತು ಮೀಟರು ಕೆಳಗೆ ಹೂತುಹೋಯಿತು. ಮೇಲೆ ಉಳಿದದ್ದು ತಗ್ಗಾದ, ಸಮವಾದ ಒಂದು ಪಟ್ಟೆ ನೆಲ. ಗಾಡಿ ಎಳೆಯುವ ಎತ್ತುಗಳಿಗೆ ಸುಲಭವೆಂದು ಹಿಂದಿನವರು ಅದರ ಮೇಲೇ ಬಂಡಿಜಾಡು ಮಾಡಿದರು. ಬಂಡಿಜಾಡು ರಸ್ತೆಯಾಯಿತು. ಅಂದರೆ ದಾಕ್ಷಾಯಣಿ ಹನ್ನೊಂದು ವರ್ಷ ಓಡಾಡಿದ್ದು ಒಂದು ಹೊಳೆಯ ನಡುವೆ.

ನೀರು ಎಲ್ಲಿಂದ ಬಂತೆಂಬುದು ಅವಳಿಗೇ ಹೊಳೆಯಿತು. ಹುಣಸೆಮರದಿಂದ ಕಣ್ಣಳತೆಯಲ್ಲಿ ಗುಂಡನಕಟ್ಟೆ ಕೆರೆಯಿದೆ. ಹದಿನೈದು ವರ್ಷದ ಹಿಂದೆ ತುಂಗಭದ್ರೆಯಿಂದ ದೊಡ್ಡ ಪೈಪಿನಲ್ಲಿ ನೀರೆತ್ತಿ ಆ ಸೀಮೆಯ ಕೆರೆಗಳನ್ನೆಲ್ಲ ತುಂಬಿಸುತ್ತಾ ಬಂದಿದ್ದರು. ಎಲ್ಲ ಕೆರೆಯೂ ತುಂಬಿತು, ಗುಂಡನಕಟ್ಟೆ ಮಾತ್ರ ತುಂಬಲಿಲ್ಲ. ಎಷ್ಟು ಬಿಟ್ಟರೂ ಹೀರಿಕೊಂಡಿತು. ಕೆಲಸ ಮಾಡಿಸಿದವರನ್ನು ಜನ ಬೈದರು, ಕೆರೆಗೆ ಶಾಪ ಇದೆ ಎಂದರು. ಶಾಪವೇನೂ ಇರಲಿಲ್ಲ. ಕೆರೆಯ ತಳ ಆ ಹಳೆಯ ಹೊಳೆಯ ಮರಳಿಗೆ ತಾಗಿಕೊಂಡಿತ್ತು.

ಮೇಷ್ಟ್ರು ಹರಳಿಗೊಂದು ತಂತಿ ಜೋಡಿಸಿಕೊಂಡು ಮರುದಿನ ಅವಳ ಜೊತೆಗೇ ಜಗಳೂರಿಗೆ ಹೊರಟರು. ಮನುಷ್ಯರ ಕಿವಿಗೆ ನಿಲುಕದ ಆ ಸದ್ದನ್ನು ಹಿಗ್ಗಿಸಿ, ಎತ್ತರಿಸಿ, ಕಾರಿನೊಳಗೆ ಕೇಳುವಂತೆ ಮಾಡಿದ್ದರು. ಬಿಳಿಗಲ್ಲು ಗೇಟಿಗೆ ಬರುವ ತನಕ ಒಂದೇ ಸಮನೆ ಕಲ್ಲಿನ ಮೇಲೆ ಕಲ್ಲು ತಟ್ಟಿದಂತೆ ಒಣ ಸದ್ದು. ಬಸ್ ಶೆಲ್ಟರಿನ ಮುಂದೆ ಕಾರು ಎಂದಿನಂತೆ ಮೆಲ್ಲಗಾಯಿತು. ಸದ್ದು ಮಂದವಾಯಿತು, ಅಗಲವಾಯಿತು. ದೊಡ್ಡ ನಗಾರಿಯ ಚರ್ಮದ ಮೇಲೆ ಅಂಗೈ ಇಟ್ಟಂತೆ ಆಳದಿಂದ ಒಂದು ಗುಂಯ್‌ಗಾರ ಎದ್ದು ಇಡೀ ಕಾರನ್ನು ತುಂಬಿತು. ದಾಕ್ಷಾಯಣಿಯ ತೋಳಿನ ಕೂದಲು ನೆಟ್ಟಗಾದವು. ಸಾವಿರಾರು ಸಲ ಅವಳು ಇದರ ಮೇಲೆ ಹಾದುಹೋಗಿದ್ದಳು, ಬೇಳೆ ತರಬೇಕು, ಮಗಳ ಫೀಸು ಕಟ್ಟಬೇಕು ಎಂದುಕೊಳ್ಳುತ್ತಾ. ಕೆಳಗೆ ಇದು ಬರುತ್ತಿತ್ತು.

ನಾಲ್ಕನೆಯ ದಿನ ಕೊಳವೆಬಾವಿ ಲಾರಿ ಬಂತು. ಬಸ್ ಶೆಲ್ಟರಿಗಿಂತ ಆರು ಮಾರು ದಾವಣಗೆರೆ ಕಡೆಗೆ, ಇನ್ನೂ ಒಣಗಿದೆ ಎಂದು ಕಾರು ಹೇಳುತ್ತಿದ್ದ ಜಾಗದಲ್ಲಿ, ಮೇಷ್ಟ್ರು ಒಂದು ರಂಧ್ರ ಹೊಡೆಸಿದರು. ಬೆಳಗಿನ ಹೊತ್ತು, ರಕ್ತ ತರಲು ಹೊರಟಿದ್ದ ದಾಕ್ಷಾಯಣಿ ಕಾರು ನಿಲ್ಲಿಸಿ ಇಳಿದಳು. ರಜೆಯಿದ್ದುದರಿಂದ ಇಂಚರಳೂ ಜೊತೆಗಿದ್ದಳು. ಮೂವತ್ತೊಂದು ಮೀಟರಿಗೆ ಕೊರೆಯುವ ಸದ್ದು ಬದಲಾಯಿತು. ಲಾರಿಯವನು ಕಂಪ್ರೆಸರ್ ನಿಲ್ಲಿಸಿ ಕೊಳವೆಗಳನ್ನು ಮೇಲೆತ್ತಿದ. ಎಲ್ಲ ನಿಶ್ಶಬ್ದವಾಯಿತು.

ಆದರೆ ರಂಧ್ರದ ಬಾಯಲ್ಲಿ ಗಾಳಿ ನಿಲ್ಲಲಿಲ್ಲ. ತಣ್ಣನೆಯ, ಹಸಿ ಮಣ್ಣಿನ ವಾಸನೆಯ ಗಾಳಿ ಒಂದೇ ಸಮನೆ ಮೇಲೆ ಬರುತ್ತಿತ್ತು. ಇಂಚರ ಹತ್ತಿರ ಬಗ್ಗಿದಾಗ ಅವಳ ಮುಂಗುರುಳು ಹಾರಿದವು. ಒಣಗಿದ ಒಂದು ಬೇವಿನೆಲೆ ರಂಧ್ರದ ಮೇಲೆ ಬಂದದ್ದು ಕೆಳಗೆ ಬೀಳದೆ ಅಲ್ಲಾಡುತ್ತಾ ನಿಂತಿತು. ನೀರು ಹಿಂದಿನಿಂದ ಬರುತ್ತಾ ಮರಳಿನ ಸಂದುಗಳಲ್ಲಿದ್ದ ಗಾಳಿಯನ್ನು ಮುಂದಕ್ಕೆ ನೂಕುತ್ತಿದೆ, ಹೊರಬರಲು ದಾರಿಯಿಲ್ಲದೆ ಅದು ಇಷ್ಟು ವರ್ಷ ಒಳಗೇ ಒತ್ತಿಕೊಂಡಿತ್ತು ಎಂದು ಮೇಷ್ಟ್ರು ಹೇಳಿದರು. ಹೊಳೆ ಹರಿಯುತ್ತಿದ್ದ ಕಾಲದ ಗಾಳಿಯೂ ಇದರೊಳಗೆ ಒಂದಿಷ್ಟು ಇದ್ದೀತು ಎಂದರು. ಅಷ್ಟು ಕೇಳಿದ್ದೇ ಇಂಚರ ಮತ್ತೊಮ್ಮೆ ಬಗ್ಗಿ, ಕಣ್ಣುಮುಚ್ಚಿ, ನಿಧಾನವಾಗಿ ಉಸಿರೆಳೆದುಕೊಂಡಳು.

ಕೊರೆದ ಮಣ್ಣಿನ ಗುಡ್ಡೆಯಲ್ಲಿ ದಾಕ್ಷಾಯಣಿಗೆ ಒಂದು ಕಲ್ಲು ಸಿಕ್ಕಿತು. ಕೋಳಿಮೊಟ್ಟೆಗಿಂತ ಸ್ವಲ್ಪ ಸಣ್ಣದು, ದುಂಡಗೆ, ರೇಷ್ಮೆಯಷ್ಟು ನುಣ್ಣಗೆ. ಆ ಸೀಮೆಯಲ್ಲಿ ಹುಡುಕಿದರೂ ದುಂಡು ಕಲ್ಲಿಲ್ಲ, ಎಲ್ಲ ಚೂಪು. ನೀರು ಸಾವಿರಾರು ವರ್ಷ ಉರುಳಿಸಿದ ಹೊರತು ಕಲ್ಲು ಹೀಗಾಗುವುದಿಲ್ಲವೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅದನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಅವಳು ಸುತ್ತ ನೋಡಿದಳು: ಜಾಲಿ, ಬಸ್ ಶೆಲ್ಟರು, ಬಿಸಿಲಿಗೆ ಬೆಳ್ಳಗಾದ ರಸ್ತೆ.

ಶೆಲ್ಟರಿನಿಂದ ಸ್ವಲ್ಪ ಜಗಳೂರು ಕಡೆಗೆ ಕೊರೆದ ಎರಡನೆಯ ರಂಧ್ರದಲ್ಲಿ ನೀರು ಸಿಕ್ಕಿತು. ಮೊದಲ ಬಕೆಟ್ಟುಗಳನ್ನು ಮೇಷ್ಟ್ರು ಲಾರಿಯವನ ಬಿಳಿ ಟವೆಲಿನಲ್ಲಿ ಸೋಸಿದರು. ಮರಳಿನ ನಡುವೆ ಅಕ್ಕಿಕಾಳಿನಷ್ಟು ಏನೋ ಮಿಸುಕಿತು. ಗಾಜಿನ ತಟ್ಟೆಗೆ ಹಾಕಿ ಬೆಳಕಿಗೆ ಹಿಡಿದಾಗ ಸಿಗಡಿಯ ಮರಿಯಂಥ ಒಂದು ಜೀವ. ಮೈಯೆಲ್ಲ ಪಾರದರ್ಶಕ. ಒಳಗೆ ಸೂಜಿಮೊನೆಯಷ್ಟು ಹೃದಯ ಬಡಿಯುವುದು ಕಾಣುತ್ತಿತ್ತು. ಕಣ್ಣು ಇರಬೇಕಾದ ಕಡೆ ಏನೂ ಇರಲಿಲ್ಲ.

ಮೇಷ್ಟ್ರು ತಟ್ಟೆಯನ್ನು ಕಣ್ಣಿನ ಹತ್ತಿರಕ್ಕೆ ತಂದರು. "ಹೊಳೆ ಬತ್ತಿ ಎರಡು ಲಕ್ಷ ವರ್ಷ ಆಗಿರ್ಬೇಕು. ಎಲ್ಲೋ ಒಂದು ಸಂದಿನಲ್ಲಿ ಒಂದು ಬೊಗಸೆ ನೀರು ಉಳ್ಕೊಂಡಿತ್ತು. ಅದ್ರಲ್ಲಿ ಇವು ಉಳ್ಕೊಂಡಿದ್ವು. ಕತ್ತಲೇಲಿ ಕಣ್ಣು ಯಾಕೆ ಅಂತ ಕಣ್ಣನ್ನೂ ಬಿಟ್ವು. ಈಗ ಹೊಳೆ ವಾಪಸ್ ಬಂದೈತೆ."

ಅದನ್ನು ಹೆಚ್ಚು ಹೊತ್ತು ಬೆಳಕಿನಲ್ಲಿ ಇಡಬಾರದೆಂದು ದಾಕ್ಷಾಯಣಿ ತಟ್ಟೆಯ ಮೇಲೆ ತನ್ನ ಸೆರಗು ಮುಚ್ಚಿದಳು. ಸೋಸಿದಾಗ ಸಿಕ್ಕ ಏಳೆಂಟರಲ್ಲಿ ಪರೀಕ್ಷೆಗೆ ಎರಡನ್ನಿಟ್ಟುಕೊಂಡು ಉಳಿದವನ್ನು ಅವರು ಆ ನೀರಿನ ಸಮೇತ ರಂಧ್ರಕ್ಕೇ ಬಿಟ್ಟರು.

ಅಂದು ಸಂಜೆ ಮೇಷ್ಟ್ರು ಮಂಡಕ್ಕಿ ಭಟ್ಟಿಗೇ ಬಂದರು. ಓಂಕಾರಪ್ಪ ಅವರಿಗೆ ಬಿಸಿ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸು ಹಾಕಿ ಕೊಟ್ಟ. ಅವರು ಅದನ್ನು ಕೈಯಲ್ಲೇ ಹಿಡಿದುಕೊಂಡು ವಿಷಯ ಹೇಳಿದರು. ಗೇಟಿನಿಂದ ದಾವಣಗೆರೆ ಕಡೆಗೆ ಮುನ್ನೂರ ಅರವತ್ತು ಮೀಟರಿನಲ್ಲಿ ಒಂದು ತಗ್ಗಿದೆ. ಕರಗಿಸಿದ ಕಾರುಗಳ ಬ್ಯಾಟರಿಯ ಬೂದಿಯನ್ನು ಹೂಳಲು ಆ ತಗ್ಗನ್ನು ಗುರುತು ಮಾಡಿದ್ದಾರೆ. ಅಲ್ಲಿ ನೀರಿಲ್ಲವೆಂದೇ ಅದನ್ನು ಆರಿಸಿದ್ದು. ಹೊಳೆ ಒಂಬತ್ತು ವರ್ಷಕ್ಕೆ ಅಲ್ಲಿಗೆ ಬರುತ್ತದೆ. ಬೂದಿ ಹೂತರೆ ಹೊಳೆಗೆ ವಿಷ. ಗುಂಡಿ ತೆಗೆಯುವುದನ್ನು ನಿಲ್ಲಿಸಲು ಇವತ್ತೇ ಬರೆದಿದ್ದೇನೆ, ನಿಲ್ಲಿಸುತ್ತಾರೆ. ಆದರೆ ಬೂದಿಯನ್ನು ಬೇರೆಲ್ಲಿ ಹೂಳಬಹುದೆಂದು ಹೇಳಬೇಕಾದರೆ ಹೊಳೆ ಮುಂದೆ ಯಾವ ಕಡೆ ತಿರುಗುತ್ತದೆಂದು ಗೊತ್ತಾಗಬೇಕು.

ಅದಕ್ಕೆ ಬೇರೆ ಯಂತ್ರ ತರಲಾಗುವುದಿಲ್ಲವೆ ಎಂದು ಓಂಕಾರಪ್ಪ ಕೇಳಿದ. ತರಬಹುದು, ಆದರೆ ಹೊಸ ಯಂತ್ರಕ್ಕೆ ಹಿಂದಿನದು ಗೊತ್ತಿಲ್ಲ ಎಂದರು ಮೇಷ್ಟ್ರು. ನಿನ್ನೆ ಹೇಗಿತ್ತೆಂದು ತಿಳಿಯದೆ ಇವತ್ತು ಬದಲಾಯಿತೆಂದು ಹೇಳುವುದು ಹೇಗೆ? ನೆನಪನ್ನು ಬೇರೆ ಕಾರಿಗೆ ತುಂಬಿದರೂ ಪ್ರಯೋಜನವಿಲ್ಲ. ಈ ಕಾರು ಕೇಳಿದ್ದು ಈ ಕಾರಿನ ಸವೆದ ಬುಷ್ಷು, ಸಡಿಲವಾದ ಬೋಲ್ಟು, ಇದರದೇ ತೂಕದ ಮೂಲಕ. ಬೇರೆ ಕಾರಿಗೆ ಅದು ಬೇರೆಯವರ ಕನ್ನಡಕ. ರಾಜ್ಯದಲ್ಲಿ ಕಿವಿಯಿರುವ ಕಾರುಗಳು ನಲವತ್ತೋ ಐವತ್ತೋ ಉಳಿದಿರಬಹುದು. ಒಂದೇ ರಸ್ತೆಯನ್ನು ಇಷ್ಟು ವರ್ಷ, ದಿನಕ್ಕೆರಡು ಸಲ ಕೇಳಿಸಿಕೊಂಡದ್ದು ಇದೊಂದೇ.

"ಈ ಕಾರನ್ನ ಉಳಿಸ್ಕೊಂಡ್ರೆ ನಿಮ್ಮ ಕೆಲಸ ಹೋಗುತ್ತೆ ಅಂತ ನನಗೂ ಗೊತ್ತೈತಮ್ಮ," ಎಂದರು. "ನಮ್ಮ ವಿಭಾಗದಿಂದ ನಿಮ್ಮನ್ನ ತಗೊಳ್ಳೋಕೆ ಬರೀತೀನಿ. ಉತ್ತರ ಯಾವಾಗ ಬರುತ್ತೋ ನಾನು ಮಾತು ಕೊಡಲಾರೆ."

ಹಳೆಯ ಕಾರಿನಲ್ಲೇ ರಕ್ತ ತರಬಹುದೇ ಎಂದು ಲ್ಯಾಬಿನವರನ್ನು ದಾಕ್ಷಾಯಣಿ ಕೇಳಿನೋಡಿದ್ದಳು. ನಿಯಮ ಎಲ್ಲರಿಗೂ ಒಂದೇ ಎಂದು ಅವರು ಮರ್ಯಾದೆಯಾಗಿಯೇ ಹೇಳಿದ್ದರು. ಅವಳ ಮಾರ್ಗಕ್ಕೆ ಹೊನ್ನಾಳಿಯ ಕಡೆಯ ಒಬ್ಬಳು ಹರಿಣಿ ಒಂಬತ್ತು ಇಟ್ಟುಕೊಂಡು ಕಾಯುತ್ತಿದ್ದಳು. ಆರು ಕೇಂದ್ರಗಳ ನರ್ಸುಗಳು, ತಮ್ಮ ರಕ್ತದಲ್ಲೇನಿದೆಯೋ ಎಂದು ಶೀಶೆಯನ್ನೇ ನೋಡುತ್ತಾ ಕೂರುವ ಬಸುರಿಯರು, ಇವರೆಲ್ಲರನ್ನೂ ಬಿಡುವುದೆಂದರೆ ಅವಳಿಗೆ ಸಣ್ಣ ಸಂಗತಿಯಾಗಿರಲಿಲ್ಲ. ತನ್ನ ಕೈಯಿಂದ ದಿನಾ ಯಾರದೋ ಜೀವ ದಾಟುತ್ತದೆಂಬ ಹೆಮ್ಮೆ ಅವಳಿಗಿತ್ತು, ಯಾರಿಗೂ ಹೇಳದಿದ್ದರೂ. ಒಂಬತ್ತು ವರ್ಷದ ಮೇಲೆ ನೆಲದೊಳಗೆ ಆಗುವುದಕ್ಕಾಗಿ ಇವತ್ತಿನ ಇದನ್ನು ಬಿಡಬೇಕೆ ಎಂದು ಎರಡು ದಿನ ಅವಳಿಗೆ ಊಟ ಸೇರಲಿಲ್ಲ.

ಏಳನೆಯ ದಿನ ಜಬೀವುಲ್ಲಾನಿಗೆ ಫೋನು ಮಾಡಿ, ಒಪ್ಪಿಸುವ ಮುಂಚೆ ಹೊಸ ಕಾರನ್ನು ಒಮ್ಮೆ ಓಡಿಸಿ ನೋಡಬೇಕೆಂದಳು. ಅವನು ಬಿಳಿ ಬಣ್ಣದ ಹರಿಣಿ ಒಂಬತ್ತು ತಂದು, ತಾನು ಪಕ್ಕದ ಸೀಟಿಗೆ ಸರಿದ. ಬಾಗಿಲು ತಾನೇ ತೆರೆಯಿತು. ಸೀಟು ಅವಳ ಬೆನ್ನಿನ ಆಕಾರ ಅರಿತುಕೊಂಡು, ನೋವಿದ್ದ ಕಡೆಗೇ ಬಿಸಿ ಕೊಟ್ಟಿತು. ಇಂಚರ ಹೇಳಿದ್ದು ಸುಳ್ಳಾಗಿರಲಿಲ್ಲ. ಊರು ದಾಟಿದ್ದು ತಿಳಿಯಲಿಲ್ಲ, ಉಬ್ಬುತಗ್ಗು ತಿಳಿಯಲಿಲ್ಲ. ಗಾಜಿನಾಚೆ ಜಾಲಿಗಿಡಗಳು ಚಿತ್ರದ ಹಾಗೆ ಸರಿಯುತ್ತಿದ್ದವು. ಇಂಥದ್ದನ್ನು ಮನುಷ್ಯರೇ ಮಾಡಿದರಲ್ಲ ಎಂದು ಅವಳಿಗೆ ನಿಜವಾಗಿ ಬೆರಗಾಯಿತು. ಇದನ್ನು ಬೇಡವೆನ್ನುವವರು ಹುಚ್ಚರು ಎನ್ನಿಸಿತು.

ಬಿಳಿಗಲ್ಲು ಗೇಟು ಬಂತು. ಬಸ್ ಶೆಲ್ಟರು ಹತ್ತಿರವಾದಂತೆ, ಹನ್ನೊಂದು ವರ್ಷದ ಅಭ್ಯಾಸಕ್ಕೆ, ಅವಳ ಮೈ ತಾನಾಗಿಯೇ ಸ್ವಲ್ಪ ಮುಂದಕ್ಕೆ ಬಾಗಿತು. ಕಾರು ಬಾಗಲಿಲ್ಲ. ಅದೇ ವೇಗದಲ್ಲಿ, ಅದೇ ನುಣುಪಿನಲ್ಲಿ, ಹೊಳೆಯ ತುದಿಯ ಮೇಲೆ ಹಾದುಹೋಯಿತು. ಅದಕ್ಕೆ ಅಲ್ಲಿ ಏನೂ ಇರಲಿಲ್ಲ.

ದಾಕ್ಷಾಯಣಿ ಕನ್ನಡಿಯಲ್ಲಿ ಹಿಂದಕ್ಕೆ ಸರಿಯುತ್ತಿದ್ದ ಶೆಲ್ಟರನ್ನು ನೋಡಿದಳು. ಕೆಳಗೆ, ಕತ್ತಲಲ್ಲಿ, ಮರಳಿನ ಕಣದಿಂದ ಕಣಕ್ಕೆ ನೀರು ಹೆಜ್ಜೆಯಿಡುತ್ತಿತ್ತು. ಕಣ್ಣಿಲ್ಲದ ಆ ಪುಟ್ಟ ಜೀವಗಳು ಎರಡು ಲಕ್ಷ ವರ್ಷದ ಮೇಲೆ ಮೊದಲ ಸಲ ಹೊಸ ನೀರಿನಲ್ಲಿ ಈಜುತ್ತಾ ಮುಂದೆ ಮುಂದೆ ಬರುತ್ತಿದ್ದವು. ಇದನ್ನು ಬಲ್ಲ ಒಂದೇ ಒಂದು ಕಿವಿ ಈ ಲೋಕದಲ್ಲಿತ್ತು. ನಾಳೆ ಅದನ್ನು ಕರಗಿಸಿದರೆ ಹೊಳೆಯೇನೂ ನಿಲ್ಲುವುದಿಲ್ಲ. ಆದರೆ ಅದು ಹೋಗುತ್ತಿರುವುದು ಯಾರಿಗೂ ತಿಳಿಯುವುದಿಲ್ಲ. ರಕ್ತ ಮುಟ್ಟಿಸಲು ಮತ್ತೊಬ್ಬಳಿದ್ದಳು. ಇದಕ್ಕೆ ಮತ್ತೊಂದು ಇರಲಿಲ್ಲ.

"ವಾಪಸ್ ಹೋಗಾಣಪ್ಪ," ಎಂದಳು ಜಬೀವುಲ್ಲಾನಿಗೆ. "ಭಾಳ ಚಲೋ ಗಾಡಿ. ನಂಗೆ ಬ್ಯಾಡ."

ವಾಪಸ್ಸು ಬರುವಾಗ ಅವನು, ಈ ಕೆಲಸಕ್ಕೆ ಸೇರಿದಾಗಿನಿಂದ ತಾನು ಕುಲುಮೆಗೆ ಕಳಿಸಿದ ಹರಿಣಿ ನಾಲ್ಕುಗಳು ಆರುನೂರಕ್ಕೂ ಹೆಚ್ಚು ಎಂದಷ್ಟೇ ಹೇಳಿದ. ಅವು ಏನೇನು ಕೇಳಿಸಿಕೊಂಡಿದ್ದವೋ ಎಂದು ಆಮೇಲೆ ತನ್ನಷ್ಟಕ್ಕೆ ಅಂದುಕೊಂಡ.

ಮನೆಯಲ್ಲಿ ಅವಳು ಹೇಳಿದಾಗ ಓಂಕಾರಪ್ಪ ಜರಡಿ ಕೆಳಗಿಟ್ಟ. ಆಮೇಲೆ, ಭಟ್ಟಿಯಲ್ಲಿ ಹೇಗೂ ಒಂದು ಕೈ ಕಡಿಮೆ ಇದೆ, ಉತ್ತರ ಬರುವ ತನಕ ಬೆಳಿಗ್ಗೆ ಆ ರಸ್ತೆಗೆ ಹೋಗಿಬಂದು ಇಲ್ಲಿ ಕೂತರಾಯಿತು ಎಂದ. ಇಂಚರ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅರ್ಧ ಗಂಟೆಯ ಮೇಲೆ ಹೊರಬಂದು, ದಿನಾ ಬೆಳಿಗ್ಗೆ ತಾನೂ ಬರುತ್ತೇನೆಂದಳು. ಅವಳ ಕಣ್ಣು ಕೆಂಪಾಗಿದ್ದವು.

ಎಂಟನೆಯ ದಿನ ದಾಕ್ಷಾಯಣಿ ವಿನಿಮಯ ಕೇಂದ್ರದ ಕೌಂಟರಿನಲ್ಲಿ ಉಳಿಸಿಕೊಳ್ಳುವ ಅರ್ಜಿ ಕೇಳಿದಳು. ಗುಮಾಸ್ತೆ ಸಣ್ಣ ವಯಸ್ಸಿನ ಹುಡುಗಿ. ಆ ಅರ್ಜಿ ಎಲ್ಲಿದೆಯೆಂದು ಹುಡುಕುವುದೇ ಅವಳಿಗೆ ಹತ್ತು ನಿಮಿಷ ಹಿಡಿಯಿತು. ಹೆಸರು, ಊರು, ಕಾರಿನ ಸಂಖ್ಯೆ, ಕಾರಣ. ಕಾರಣದ ಜಾಗದಲ್ಲಿ ದಾಕ್ಷಾಯಣಿ, ಹೊಳೆ ಕಾಯಲು ಎಂದು ಬರೆಸಿದಳು. ಹುಡುಗಿ ಒಮ್ಮೆ ತಲೆಯೆತ್ತಿ ನೋಡಿ ಹಾಗೇ ಬರೆದಳು. ಕೊನೆಯ ಪ್ರಶ್ನೆ, ಕಾರನ್ನು ಇನ್ನೆಷ್ಟು ವರ್ಷ ಉಳಿಸಿಕೊಳ್ಳುವಿರಿ ಎಂದಿತ್ತು.

ಇದಕ್ಕೆ ಉತ್ತರ ಅವಳಿಗೆ ಗೊತ್ತಿರಲಿಲ್ಲ. ಅಲ್ಲೇ ನಿಂತು ಮೇಷ್ಟ್ರಿಗೆ ಫೋನು ಮಾಡಿ, ಈ ಹೊಳೆ ಕಡೆಗೆ ಎಲ್ಲಿಗೆ ಹೋಗುತ್ತದೆಂದು ಕೇಳಿದಳು. ಹಳೆಯ ಪಾತ್ರ ತುಂಗಭದ್ರೆಯನ್ನೇ ಸೇರುತ್ತದೆ, ಅಲ್ಲಿಗೆ ಇನ್ನು ಮೂವತ್ತೆಂಟು ಕಿಲೋಮೀಟರು ಎಂದರು ಅವರು. ಅದೇ ತುಂಗಭದ್ರೆಯಿಂದ ಪೈಪಿನಲ್ಲಿ ಎರಡು ದಿನದಲ್ಲಿ ಬಂದ ನೀರು ಈಗ ತನ್ನ ಪಾಡಿಗೆ ತಾನು ನಡೆದು ವಾಪಸ್ಸು ಹೊರಟಿದೆ. ಎಷ್ಟು ವರ್ಷಕ್ಕೆ ಮುಟ್ಟೀತು ಎಂದು ಅವಳು ಕೇಳಿದಳು. ಅವರು ಲೆಕ್ಕ ಹೇಳಿದರು. ದಾಕ್ಷಾಯಣಿ ಫೋನು ಇಟ್ಟು ಹುಡುಗಿಯ ಕಡೆಗೆ ತಿರುಗಿದಳು.

"ಬರ್ಕಳಮ್ಮ," ಎಂದಳು. "ಒಂಬೈನೂರ ಐವತ್ತು."

"ತಿಂಗಳಾ ಆಂಟಿ?"

"ವರ್ಷ."

ಹುಡುಗಿ ಬೆರಳುಗಳನ್ನು ಕೀಲಿಗಳ ಮೇಲಿಟ್ಟು, ಅವಳ ಮುಖವನ್ನೊಮ್ಮೆ, ಹೊರಗೆ ಬಿಸಿಲಿನಲ್ಲಿ ನಿಂತಿದ್ದ ಹಳೆಯ ಕಾರನ್ನೊಮ್ಮೆ ನೋಡಿದಳು. ಸಂಖ್ಯೆ ಒತ್ತಿದಳು. ಯಂತ್ರ ತೆಗೆದುಕೊಳ್ಳಲಿಲ್ಲ. ಇನ್ನೊಂದು ಸಲ ಒತ್ತಿದಳು.

"ಇದ್ರಲ್ಲಿ ಎರಡೇ ಅಂಕಿಗೆ ಜಾಗ ಐತೆ ಆಂಟಿ," ಎಂದಳು ಕೊನೆಗೆ. "ತೊಂಬತ್ತೊಂಬತ್ತು ಹಾಕಿರ್ತೀನಿ. ಅದು ಮುಗಿದ್ಮೇಲೆ ನಿಮ್ಮನೆಯೋರು ಯಾರಾದ್ರೂ ಬಂದು ಮುಂದುವರಿಸ್ಕೊಳ್ಳಿ."

ದಾಕ್ಷಾಯಣಿ ಆಗಲಿ ಎಂದು ಸಹಿ ಹಾಕಿದಳು.